ಕದಿರು ಉದುರಿದ ಮೊಂತಿ ಹಬ್ಬ

ಕಳೆದ ವಾರ ಬೆಳುವಾಯಿ ದಾಟುವಾಗ ಸ್ಕೂಟರ್ ನಿಲ್ಲಿಸಿ ಗದ್ದೆಯ ಬದುವಿಗೆ ಇಳಿದೆ. ಕಾರಣ ಕೇಳಿದರೆ ನಗುತ್ತೀರಿ. ವಾಸನೆ. ಜಡಿಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿನಲ್ಲಿ ಹಾಲು ತುಂಬುತ್ತಿರುವ ಭತ್ತದಿಂದ ಒಂದು ಪರಿಮಳ ಏಳುತ್ತದೆ. ಎಳೆ ಹುಲ್ಲಿನದ್ದೂ ಹೌದು, ಕಾಯಿಸದ ಹಾಲಿನದ್ದೂ ಹೌದು. ಕೊಂಕಣಿ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ನನ್ನಂಥವರಿಗೆ ಅದು ಮೊಂತಿ ಹಬ್ಬದ ವಾಸನೆ. ಸೆಪ್ಟೆಂಬರ್ ಎಂಟು, ಮೇರಿಯಮ್ಮನ ಹುಟ್ಟಿದ ದಿನ, ಭತ್ತದ ಹೊಸ ತೆನೆಯನ್ನು, ನಮ್ಮ ಮಾತಿನ ಕದಿರನ್ನು, ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿಯುತ್ತೇವೆ. ಅಂದು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಮೀನು ಇಲ್ಲ. ಮಿಕ್ಕ ಒಂದು ಕದಿರನ್ನು ದೇವರ ಪೀಠದ ಶಿಲುಬೆಗೆ ಸಿಕ್ಕಿಸಿದರೆ ಅದು ಮುಂದಿನ ವರ್ಷದವರೆಗೆ ಅಲ್ಲೇ ಇರುತ್ತದೆ.

ಬದುವಿನಲ್ಲಿ ಕೂತು ಒಂದು ಕದಿರನ್ನು ಮೆಲ್ಲನೆ ಹಿಡಿದು ಕುಲುಕಿದೆ. ಗದ್ದೆಯ ಯಜಮಾನರು, ಒಬ್ಬ ಜೈನ ಹಿರಿಯರು, ನನ್ನನ್ನು ಕಂಡು ಬೈಕ್ ನಿಲ್ಲಿಸಿದರು.

"ಎಂತ ಟೀಚರ್, ಭತ್ತಕ್ಕೆ ರೋಗ ಉಂಟಾ?"

"ಇಲ್ಲ, ಉದುರ್ತದಾ ಅಂತ ನೋಡಿದೆ."

"ಉದುರ್ಲಿಕ್ಕೆ ಅದೆಂತ ಕಾಡುಭತ್ತವಾ ಮಾರಾಯ್ರೆ!" ಎಂದು ನಕ್ಕು ಹೋದರು.

ಅವರಿಗೆ ಗೊತ್ತಿಲ್ಲ. ಒಂದು ಮಳೆಗಾಲ ಪೂರ್ತಿ ಇಂಥದೇ ಒಂದು ಕದಿರಿನ ಮೇಲೆ ಒಬ್ಬಳು ಹುಡುಗಿಯ ಓದು ನಿಂತಿತ್ತು, ನನ್ನ ಮರ್ಯಾದೆಯೂ ನಿಂತಿತ್ತು.

ಆಗ ನಾನು ಪುಂಜಾಲಕಟ್ಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆದಿತ್ಯವಾರ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಮಕ್ಕಳಿಗೆ ಧರ್ಮಪಾಠವನ್ನೂ ನಾನೇ ಮಾಡುತ್ತಿದ್ದೆ. ಹೆಚ್ಚುಕಡಿಮೆ ಅವೇ ಮಕ್ಕಳು, ಅದೇ ಟೀಚರು, ಅದೇ ಚಾಕ್‌ಪೀಸು. ಬದಲಾಗುತ್ತಿದ್ದದ್ದು ಸೀರೆ ಮಾತ್ರ.

ಆ ವರ್ಷ ಜೂನ್ ಕಳೆಯುತ್ತ ಬಂದರೂ ಮಳೆ ಹಿಡಿದಿರಲಿಲ್ಲ. ಮೇ ತಿಂಗಳಲ್ಲಿ ನಾಲ್ಕು ಹನಿ ಬಿದ್ದು ಆಸೆ ತೋರಿಸಿ ಹೋದದ್ದು ಮತ್ತೆ ಮುಖ ತೋರಿಸಲಿಲ್ಲ. ಶಾಲೆಗೆ ಬಂದ ಹತ್ತನೆಯ ತರಗತಿಯ ಹೊಸ ವಿಜ್ಞಾನ ಪುಸ್ತಕದಲ್ಲಿ ಜೀವವಿಕಾಸದ ಭಾಗ ಇರಲಿಲ್ಲ. ಮಕ್ಕಳ ಹೊರೆ ಇಳಿಸಲು ತೆಗೆದದ್ದಂತೆ. ಸಹೋದ್ಯೋಗಿಗಳು "ಒಳ್ಳೇದೇ ಆಯ್ತು, ಒಂದು ಪಾಠ ಕಡಿಮೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಹೃದಯ, ಶ್ವಾಸಕೋಶ, ಹೂವು, ಬೇರು ಎಲ್ಲವನ್ನೂ ಹೇಳಿ, ಇವೆಲ್ಲ ಹೀಗೆ ಯಾಕೆ ಇವೆ ಎಂಬುದೊಂದನ್ನು ಬಿಟ್ಟರೆ ಅದು ತಳವಿಲ್ಲದ ಕೊಡಪಾನ. ನಾನು ಹಟದವಳು. ಪರೀಕ್ಷೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿ, ಒಂದು ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಆ ಪಾಠ ಮಾಡಿದೆ. ಮಕ್ಕಳು ಪರೀಕ್ಷೆಯ ಪಾಠಕ್ಕಿಂತ ಚೆನ್ನಾಗಿ ಕೇಳಿದರು.

ಆ ಆದಿತ್ಯವಾರ ಧರ್ಮಪಾಠದಲ್ಲಿ ಸೃಷ್ಟಿಯ ಕಥೆ ಇತ್ತು. ಅದು ಹೇಗೆ ಕಾಲ ಕೂಡಿ ಬಂತೋ, ದೇವರೇ ಬಲ್ಲ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಉಸಿರು ಊದಿದ ಎಂದು ಹೇಳುತ್ತಿದ್ದಂತೆ ರೀಮಾ ಎದ್ದು ನಿಂತಳು. ಶಾಲೆಯಲ್ಲೂ ನನ್ನದೇ ವಿದ್ಯಾರ್ಥಿನಿ, ಆ ವರ್ಷ ದೃಢೀಕರಣ ಸಂಸ್ಕಾರಕ್ಕೆ ನಿಲ್ಲಬೇಕಾಗಿದ್ದವಳು. ನಮ್ಮ ಮಾತೆಲ್ಲ ಕೊಂಕಣಿಯಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಟೀಚರ್, ಶುಕ್ರವಾರ ನೀವು ಮನುಷ್ಯ ಬೇರೆ ಪ್ರಾಣಿಗಳಿಂದ ಬದಲಾಗ್ತಾ ಬಂದದ್ದು ಅಂತ ಹೇಳಿದ್ರಿ. ಇವತ್ತು ದೇವರು ಮಣ್ಣಿನಿಂದ ಮಾಡಿದ್ದು ಅಂತೀರಿ. ಎರಡರಲ್ಲಿ ಯಾವ ದಿನ ನೀವು ಸುಳ್ಳು ಹೇಳುದು?"

ಬೇರೆ ಯಾರಾದರೂ ಕೇಳಿದ್ದರೆ ಉದ್ಧಟತನ ಎನ್ನಬಹುದಿತ್ತು. ಅವಳ ಮುಖದಲ್ಲಿ ಅದು ಇರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ.

"ಎರಡು ದಿನವೂ ಸುಳ್ಳು ಹೇಳ್ಲಿಲ್ಲ," ಎಂದೆ.

"ಹಾಗಾದ್ರೆ ಹೇಗೆ ಅಂತ ಹೇಳಿ."

"ಹೇಳ್ತೇನೆ. ಸ್ವಲ್ಪ ಸಮಯ ಕೊಡು."

ಆಗ ಮನೆಗೆ ನಡೆದು ಬಂದ ದಾರಿ ನನಗೆ ನೆನಪುಂಟು. ನಾನು ಎರಡನ್ನೂ ನಂಬಿದವಳೇ. ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕಾದ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಈಗ ಬಂತು, ನೋಡಲೇಬೇಕು ಎಂದು ನಿಶ್ಚಯ ಮಾಡಿಕೊಂಡೆ.

ಮೂರನೆಯ ದಿನ ಸಂಜೆ ಪೌಲ್ ಬಾಪ್ಪು ನಮ್ಮ ಅಂಗಳಕ್ಕೆ ಬಂದರು. ರೀಮಾಳ ಅಜ್ಜ. ನಮ್ಮ ವಾಳೆಯ ಗುರ್ಕಾರರು, ಅಂದರೆ ಇಗರ್ಜಿಗೂ ಇಷ್ಟು ಮನೆಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಹಿರಿಯರು. ಮಗ ಕುವೈಟಿನಲ್ಲಿ, ಸೊಸೆ ಜೂಲಿಯಾನ ಮತ್ತು ಮೊಮ್ಮಗಳ ಜೊತೆ ಇವರ ಸಂಸಾರ. ಊರಿನಲ್ಲಿ ಉಳಿದೆಲ್ಲರ ಗದ್ದೆ ತೋಟವಾಗಿ, ರಬ್ಬರಾಗಿ ಹೋದ ಮೇಲೂ ಇವರು ಮಾತ್ರ ಭತ್ತ ಬಿಟ್ಟಿರಲಿಲ್ಲ. ಪ್ರತಿ ಮೊಂತಿ ಹಬ್ಬಕ್ಕೂ ಕದಿರು ಇವರ ಗದ್ದೆಯದ್ದೇ. ಅದು ಅವರ ಅಭಿಮಾನ.

ಕುಳಿತುಕೊಳ್ಳಲಿಲ್ಲ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಟೀಚರ್, ಆ ಮಂಗನ ಪಾಠ ನಿಲ್ಲಿಸಿ. ಸರ್ಕಾರವೇ ತೆಗ್ದಿದೆ ಅಂತೆ. ನಿಮಗೆ ಯಾಕೆ ಉಸಾಬರಿ?"

"ಪುಸ್ತಕದಿಂದ ತೆಗ್ದಿದ್ದಾರೆ ಬಾಪ್ಪು. ಪ್ರಪಂಚದಿಂದ ತೆಗೀಲಿಕ್ಕೆ ಆಗುದಿಲ್ಲ ಅಲ್ವಾ?"

"ಹಾಗಾದ್ರೆ ಧರ್ಮಪಾಠ ಬಿಡಿ. ಎರಡು ದೋಣಿಗೆ ಕಾಲು ಹಾಕಿದವರು ನೀರಿಗೇ ಬೀಳುದು."

"ಅದನ್ನೂ ಬಿಡುದಿಲ್ಲ."

ಅವರು ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅಲ್ಲಿ ಹೆದರಿಕೆ ಇತ್ತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ರೀಮಾ ದೃಢೀಕರಣಕ್ಕೆ ನಿಲ್ಲುದಿಲ್ಲ ಅಂತ ಕೂತಿದ್ದಾಳೆ. ಬಿಷಪರ ಎದುರು ನಂಬ್ತೇನೆ ಅಂತ ಹೇಳ್ಬೇಕಲ್ಲ, ಗೊತ್ತಿಲ್ಲದ್ದನ್ನು ಹೇಗೆ ಹೇಳುದು ಅಂತ ಕೇಳ್ತಾಳೆ. ನಾನೂ ಹೇಳಿದ್ದೇನೆ. ದೃಢೀಕರಣ ಇಲ್ಲದಿದ್ರೆ ಮೂಡಬಿದಿರೆಗೆ ಸಾಯನ್ಸಿಗೆ ಕಳಿಸುದಿಲ್ಲ. ಹತ್ತಿರದಲ್ಲಿ ಕಾಮರ್ಸ್ ಮಾಡ್ಲಿ. ದೇವರನ್ನು ಕಳಕೊಂಡು ಕಲೀಬೇಕಾದ ವಿದ್ಯೆ ನಮ್ಮ ಮನೆಗೆ ಬೇಡ."

ಅವರು ಹೋದ ಮೇಲೆ ನಾನು ಬಹಳ ಹೊತ್ತು ಮೆಟ್ಟಿಲಲ್ಲೇ ಕೂತೆ. ರೀಮಾಳದು ನಲವತ್ತು ಮಕ್ಕಳಲ್ಲಿ ಒಬ್ಬಳಿಗೆ ಇರುವ ಕಣ್ಣು. ಎಲೆ ತೋರಿಸಿದರೆ ಎಲೆಯ ಬೆನ್ನು ತಿರುಗಿಸಿ ನೋಡುವವಳು. ಅವಳಿಗೆ ವಿಜ್ಞಾನ ಬೇಕು. ನಾನು ಸರಿಯಾದ ಉತ್ತರ ಕೊಡದಿದ್ದರೆ ಅವಳು ನಿಲ್ಲುವುದಿಲ್ಲ, ನಿಲ್ಲದಿದ್ದರೆ ಅಜ್ಜ ಕಳಿಸುವುದಿಲ್ಲ. ಸುಳ್ಳು ಹೇಳಿ ನಿಲ್ಲಿಸಬಹುದು, ಆದರೆ ಅಂಥ ದೃಢೀಕರಣ ನನಗೆ ಬೇಡ. ಅವಳಿಗೂ ಬೇಡ.

ಮರುದಿನ ಫಾದರ್ ರೋಶನ್ ಅವರಲ್ಲಿಗೆ ಹೋದೆ. ಆ ವರ್ಷವಷ್ಟೇ ನಮ್ಮ ಇಗರ್ಜಿಗೆ ಬಂದ ಎಳೆಯ ಪಾದ್ರಿ, ನಮ್ಮ ವಿಗಾರರು, ಮಂಗಳೂರು ಪೇಟೆಯಲ್ಲೇ ಬೆಳೆದವರು.

"ಇದರಲ್ಲಿ ಜಗಳ ಇಲ್ಲ ಟೀಚರ್," ಎಂದರು ಸಲೀಸಾಗಿ. "ನಮಗೆ ಸೆಮಿನರಿಯಲ್ಲಿ ಕಲಿಸಿದ್ದಾರೆ. ದೇಹ ಹೇಗೆ ಬಂತು ಅಂತ ವಿಜ್ಞಾನ ಹುಡುಕ್ಲಿ. ಯಾಕೆ ಬಂತು ಅಂತ ನಾವು ಹೇಳುವ."

"ಹಾಗಾದ್ರೆ ಪೂಜೆಯ ಪ್ರಸಂಗದಲ್ಲಿ ಯಾಕೆ ಹೇಳುದಿಲ್ಲ ಫಾದರ್?"

"ಯಾರೂ ಕೇಳ್ಲಿಲ್ಲ."

"ಈಗ ಕೇಳಿದ್ದಾಳೆ."

ಅವರು ಗಡ್ಡ ಸವರಿಕೊಂಡು, "ಮೊಂತಿ ಹಬ್ಬ ಕಳೀಲಿ, ಮತ್ತೆ ನೋಡುವ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನೂ ಸೆಮಿನರಿಯಲ್ಲೇ ಕಲಿಸುತ್ತಾರೋ ಏನೋ ಎಂದುಕೊಂಡು ಎದ್ದು ಬಂದೆ. ಪಾಪ, ಒಳ್ಳೆಯವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ವಯಸ್ಸು.

ಅವರ 'ಹೇಗೆ' ಮತ್ತು 'ಯಾಕೆ'ಯನ್ನು ನಾನು ರೀಮಾಳಿಗೆ ಹೇಳಿ ನೋಡಿದೆ. ಅವಳು ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. "ಅದು ಎರಡು ಪೆಟ್ಟಿಗೆ ಮಾಡಿ ಎರಡಕ್ಕೂ ಬೀಗ ಹಾಕಿದ ಹಾಗಾಯ್ತು ಟೀಚರ್. ಇರುವ ಮನುಷ್ಯ ಒಬ್ಬನೇ ಅಲ್ವಾ?" ಎಂದಳು. ಒಳಗೊಳಗೇ ಅವಳ ಬಗ್ಗೆ ಹೆಮ್ಮೆಯಾಯಿತು. ಆಮೇಲೆ ಅವಳು ಧರ್ಮಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ಪೂಜೆ ಮುಗಿದ ಕೂಡಲೇ ಕೊಡೆ ಬಿಡಿಸಿ ಮನೆಗೆ ನಡೆಯುತ್ತಿದ್ದಳು.

ಜುಲೈಯಲ್ಲಿ ಮಳೆ ಬಂತು, ಇಷ್ಟು ದಿನದ ಸಾಲವನ್ನೆಲ್ಲ ಒಂದೇ ಸಲ ತೀರಿಸುವ ಹಾಗೆ. ಪೌಲ್ ಬಾಪ್ಪು ತಡವಾಗಿ ಸಸಿಯ ಅಗೆ ಹಾಕಿ, ತಡವಾಗಿ ನಾಟಿ ಮಾಡಿಸಿದರು. ಎತ್ತರದ ಎರಡು ಬೆಟ್ಟು ಗದ್ದೆಗಳನ್ನು ಉಳುವುದಕ್ಕೇ ಆಗಲಿಲ್ಲ, ಹಾಗೇ ಬಿಟ್ಟರು. ಆಗಸ್ಟ್ ಕೊನೆಗೂ ಕೆಳಗಿನ ಗದ್ದೆಯಲ್ಲಿ ಹಸಿರೇ ಹಸಿರು, ಕದಿರಿನ ಸುಳಿವಿಲ್ಲ. ಹಬ್ಬ ಮಾತ್ರ ಮಳೆಯನ್ನು ಕೇಳಿ ಬರುವಂಥದ್ದಲ್ಲ.

"ಈ ಸಲ ಹೊರಗಿನಿಂದ ತರಿಸುವ," ಎಂದು ಪಾಲನಾ ಮಂಡಳಿಯಲ್ಲಿ ಯಾರೋ ಹೇಳಿದರಂತೆ. "ನಮ್ಮ ಮಣ್ಣಿನ ಕದಿರು ಬಿಟ್ಟು ಪೇಟೆಯ ಕದಿರಿಗೆ ಮಂಡಿಯೂರ್ತೀರಾ?" ಎಂದು ಪೌಲ್ ಬಾಪ್ಪು ಎದ್ದು ಬಂದರಂತೆ. ಅದೇ ವಾರ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿ ಹಿಡಿದರು.

ಹಬ್ಬದ ಮುನ್ನಾದಿನ ನಾನು ಬೆಳ್ತಂಗಡಿಯಲ್ಲಿ ಶಿಕ್ಷಕರ ತರಬೇತಿಯಲ್ಲಿ ಸಿಕ್ಕಿಬಿದ್ದಿದ್ದೆ. ಇತ್ತ ಫಾದರ್ ರೋಶನ್ ಧರ್ಮಪಾಠದ ಮಕ್ಕಳನ್ನು ಕಟ್ಟಿಕೊಂಡು ಪೌಲ್ ಬಾಪ್ಪುವಿನ ಗದ್ದೆ ಸುತ್ತಿದ್ದಾರೆ. ಕೆಳಗೆ ಏನೂ ಇಲ್ಲ. ಮೇಲೆ, ಉಳದೆ ಬಿಟ್ಟ ಬೆಟ್ಟು ಗದ್ದೆಯಲ್ಲಿ ನೋಡಿದರೆ ಎದೆಯೆತ್ತರ ಬೆಳೆದು ಬಾಗಿದ ಕದಿರು! ಉದ್ದ ಮೀಸೆ, ಕೆಂಪು ಹೊಳಪು. ಪೇಟೆಯಲ್ಲಿ ಬೆಳೆದ ಪಾದ್ರಿಗಳಿಗೂ ರಬ್ಬರ್ ತೋಟದ ನಡುವೆ ಬೆಳೆದ ಮಕ್ಕಳಿಗೂ ಅದು ಪವಾಡದ ಹಾಗೆ ಕಂಡಿತು. ಕೊಯ್ದು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಪೌಲ್ ಬಾಪ್ಪುವಿಗೆ "ನಿಮ್ಮ ಗದ್ದೆಯದ್ದೇ ಸಿಕ್ಕಿತು" ಎಂದು ದೂರದಿಂದಲೇ ಕೂಗಿ ಹೇಳಿ ಹೋದರು. ಮುದುಕರ ಕಣ್ಣಲ್ಲಿ ನೀರು ಬಂತೆಂದು ಜೂಲಿಯಾನ ಆಮೇಲೆ ಹೇಳಿದಳು. ಬಿಚ್ಚಿ ನೋಡುವ ಯೋಚನೆ ಅವರಿಗೂ ಬರಲಿಲ್ಲ.

ಬೆಳಿಗ್ಗೆ ಮೆರವಣಿಗೆ. ಮುಂದೆ ಬ್ಯಾಂಡು, ನಡುವೆ ಹೂಗಳಲ್ಲಿ ಮುಳುಗಿದ ಪುಟ್ಟ ಮೇರಿಯಮ್ಮ, ಹಿಂದೆ ತಟ್ಟೆ ತುಂಬ ಗೋರಂಟಿ, ದಾಸವಾಳ ಹಿಡಿದ ಮಕ್ಕಳು. ಫಾದರ್ ಕದಿರಿನ ಕಟ್ಟನ್ನು ಬಟ್ಟೆ ಸಡಿಲಿಸಿ, ಎಲ್ಲರಿಗೂ ಕಾಣುವ ಹಾಗೆ ಎದೆಗೆ ಹಿಡಿದು ನಡೆದರು. ನಾನು ಹಾಡುಗಾರರ ಜೊತೆ ತುಂಬ ಹಿಂದೆ ಇದ್ದೆ. ಕಾಲಿನ ಅಡಿಯಲ್ಲಿ ಏನೋ ಚುಚ್ಚಿದಂತಾಗಿ ನೋಡಿದರೆ ಒದ್ದೆ ದಾರಿಯ ಉದ್ದಕ್ಕೂ ಮೀಸೆಯ ಕೆಂಪು ಕಾಳು. ಎತ್ತಿ ನೋಡಿದೆ, ತಿಳಿಯಿತು. ಹೋಗಿ ಹೇಳುವಷ್ಟರಲ್ಲಿ ಮೆರವಣಿಗೆ ಇಗರ್ಜಿಯ ಒಳಗಿತ್ತು.

ಪೀಠದ ಮುಂದೆ ಫಾದರ್ ಕಟ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿದರು. ಕೈಯಲ್ಲಿದ್ದದ್ದು ಬರೀ ಕಡ್ಡಿ.

"ಫಾದರ್, ಭತ್ತ ಎಲ್ಲಿ?" ಎಂದು ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಕೇಳಿದಳು.

ಕುರ್ಚಿಯಲ್ಲಿ ಎತ್ತಿ ತಂದು ಕೂರಿಸಿದ್ದ ಪೌಲ್ ಬಾಪ್ಪು ಕಣ್ಣು ಕಿರಿದು ಮಾಡಿ ನೋಡಿದರು. "ಸಾಯಿಬಾ ದೇವಾ! ಅದು ಕಾಡುಭತ್ತ! ನನ್ನ ಬೆಟ್ಟು ಗದ್ದೆಯ ಕಳೆ!" ಎಂದು ಪೂಜೆಯ ನಡುವೆಯೇ ಕೂಗಿದರು. ಭತ್ತ ಬೆಳೆದವರಿಗೆಲ್ಲ ಗೊತ್ತಿರುವ ಕಳೆ ಅದು. ಹಿಂದಿನ ವರ್ಷ ಉದುರಿದ ಕಾಳು ಮೇ ತಿಂಗಳ ನಾಲ್ಕು ಹನಿಗೇ ಮೊಳೆತು, ಎಲ್ಲರಿಗಿಂತ ಮೊದಲು ಕದಿರಾಗಿ, ಮುಟ್ಟಿದರೆ ಉದುರುತ್ತದೆ. ಒಬ್ಬರ ಗದ್ದೆ ಮಾತ್ರ ಉಳಿದ ಊರಿನಲ್ಲಿ ಅದನ್ನು ಗುರುತಿಸುವ ಕಣ್ಣು ಎಲ್ಲಿಂದ ಬರಬೇಕು? ಮುದುಕರು ಮುಖ ಮುಚ್ಚಿಕೊಂಡು ಅತ್ತರು. ನಾನು ಅವರ ಜೊತೆ ಅಷ್ಟು ಜಗಳಾಡಿದವಳು, ಆದರೂ ಅದನ್ನು ನೋಡಲಾರದೆ ಕಣ್ಣು ತಿರುಗಿಸಿದೆ.

ಎಲ್ಲರೂ ಮರಗಟ್ಟಿ ಕೂತಿದ್ದಾಗ ಜೂಲಿಯಾನ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೋಗಿ ದಾರಿಯಲ್ಲಿ ಬಾಗಿ ಕಾಳು ಹೆಕ್ಕತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ರೇಷ್ಮೆ ಸೀರೆಯ ಹೆಂಗಸರೆಲ್ಲ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಫಾದರ್ ಕೂಡ ಪೂಜೆಯ ಉಡುಪನ್ನು ಮೊಣಕಾಲಿಗೆ ಎತ್ತಿ ಹಿಡಿದುಕೊಂಡು ಹೆಕ್ಕಿದರು. ಸ್ಟೀಲ್ ಬಟ್ಟಲಿನಲ್ಲಿ ತೊಳೆದಿಟ್ಟ ಕಾಳನ್ನೇ ಆಶೀರ್ವದಿಸಿ ಮನೆಮನೆಗೆ ಚಿಟಿಕೆ ಚಿಟಿಕೆ ಹಂಚಿದರು. ಅಂದು ನಮ್ಮ ಹಾಲು ಕೆಂಪಾಗಿತ್ತು. "ಇದೂ ಅಕ್ಕಿಯೇ ಅಲ್ವಾ," ಎಂದು ನನ್ನ ಅತ್ತೆ ಚಪ್ಪರಿಸಿ ಕುಡಿದರು.

ಹೆಕ್ಕುತ್ತಿದ್ದಾಗ ರೀಮಾ ನನ್ನ ಪಕ್ಕಕ್ಕೆ ಬಂದಿದ್ದಳು. ಎಷ್ಟೋ ವಾರದ ಮೇಲೆ ತಾನಾಗಿ ಬಂದದ್ದು. ಕಾಳಿನ ಬುಡವನ್ನು ಉಗುರಿನಿಂದ ತಿರುಗಿಸಿ ನೋಡುತ್ತಿದ್ದಳು.

"ಟೀಚರ್, ಇದು ಉದುರುದು, ನಮ್ಮ ಭತ್ತ ಉದುರದಿರುದು, ಯಾಕೆ?"

"ಆದಿತ್ಯವಾರ ಬಾ, ಹೇಳ್ತೇನೆ."

"ಶಾಲೆಯಲ್ಲಿ ಅಲ್ವಾ? ಶುಕ್ರವಾರ?"

"ಅಲ್ಲ," ಎಂದೆ. "ಆದಿತ್ಯವಾರ." ಆ ಕ್ಷಣಕ್ಕೆ ನನಗೆ ಏನು ಹೇಳಬೇಕೆಂದು ಗೊತ್ತಾಗಿ ಹೋಗಿತ್ತು.

ಪೌಲ್ ಬಾಪ್ಪುವಿಗೂ ಹೇಳಿ ಕಳಿಸಿದೆ. ಮರೆಯಲ್ಲಿ ಮಾಡುವ ಪಾಠ ಅಲ್ಲ ಇದು, ಬಂದು ಕೇಳಿ, ಕೇಳಿದ ಮೇಲೂ ನಾನು ಬೇಡ ಅಂತ ನಿಮಗೆ ಅನಿಸಿದರೆ ಧರ್ಮಪಾಠ ಬಿಟ್ಟು ಹೋಗುತ್ತೇನೆ ಎಂದು. ಅವರು ಬಂದರು. ಪಟ್ಟಿ ಕಟ್ಟಿದ ಕಾಲನ್ನು ಬೆಂಚಿನ ಹೊರಗೆ ಚಾಚಿ, ಊರುಗೋಲಿನ ಮೇಲೆ ಗಲ್ಲ ಇಟ್ಟು ಕೊನೆಯ ಸಾಲಿನಲ್ಲಿ ಕೂತರು. ಫಾದರ್ ಬಾಗಿಲ ಬಳಿ ನಿಂತರು.

ಮೇಜಿನ ಮೇಲೆ ಎರಡು ಇಟ್ಟೆ. ಒಂದು, ಹಬ್ಬದ ದಿನದ ಬರೀ ಕಡ್ಡಿ. ಇನ್ನೊಂದು, ನಮ್ಮ ಮನೆಯ ದೇವರ ಪೀಠದಿಂದ ತಂದ ಹೋದ ವರ್ಷದ ಕದಿರು. ಪೌಲ್ ಬಾಪ್ಪುವಿನ ಗದ್ದೆಯದ್ದು, ಒಣಗಿ ಹುಲ್ಲಾದದ್ದು.

"ರೀಮಾ, ಇದನ್ನು ಕುಲುಕು."

ಕುಲುಕಿದಳು. ಒಂದು ಕಾಳೂ ಬೀಳಲಿಲ್ಲ.

"ಭತ್ತ ಮೊದಲು ಒಂದು ಹುಲ್ಲು," ಎಂದೆ. "ಹುಲ್ಲಿಗೆ ಕಾಳು ಉದುರಿಸುದೇ ಒಳ್ಳೇದು. ಉದುರಿದ್ರೆ ತಾನೇ ಮತ್ತೆ ಮೊಳೆಯುದು. ಎಲ್ಲೋ ಒಂದು ಗಿಡದಲ್ಲಿ ಕಾಳು ಕಚ್ಚಿಕೊಂಡೇ ಉಳೀತು. ಕಾಡಿನಲ್ಲಾದ್ರೆ ಅದರ ಸಂತತಿ ಅಲ್ಲಿಗೇ ಮುಗೀತಿತ್ತು. ಆದ್ರೆ ಕೊಯ್ಲಿಕ್ಕೆ ಬಂದ ಯಾರೋ ಹೆಂಗಸು ಮನೆ ಮುಟ್ಟಿಸಿದ್ದು ಆ ಕದಿರನ್ನೇ. ಉಳಿದದ್ದು ದಾರಿಯಲ್ಲೇ ಹೋಗಿತ್ತು, ನಮ್ಮದು ಹೋದ ಹಾಗೆ. ಮರುವರ್ಷ ಅವಳು ಬಿತ್ತಿದ್ದು ಮನೆಯಲ್ಲಿ ಇದ್ದದ್ದನ್ನು. ಅವಳ ಮಕ್ಕಳು, ಅವರ ಮಕ್ಕಳು ಹಾಗೇ ಬಿತ್ತಿದ್ರು. ಹುಲ್ಲು ಭತ್ತ ಆಯ್ತು. ಜೀವಗಳು ಬದಲಾಗುದು ಅಂತ ಶುಕ್ರವಾರ ನಾನು ಹೇಳಿದ್ದು ಇದನ್ನೇ. ಇಲ್ಲಿ ಆರಿಸಿದ್ದು ಮನುಷ್ಯರ ಕೈ. ಕಾಡಿನಲ್ಲಿ ಆರಿಸುದು ಮಳೆ, ಬಿಸಿಲು, ಹಸಿವು."

"ಭತ್ತ ದೇವರು ಕೊಟ್ಟದ್ದು!" ಹಿಂದಿನಿಂದ ಊರುಗೋಲು ನೆಲಕ್ಕೆ ಬಡಿಯಿತು.

"ಹೌದು ಬಾಪ್ಪು," ಎಂದೆ. "ಒಂದು ಕೇಳ್ತೇನೆ, ಸಿಟ್ಟು ಮಾಡ್ಬೇಡಿ. ಅಗೆ ಹಾಕುದು ನೀವು. ನಾಟಿ ಮಾಡಿಸುದು ನೀವು. ಗೊಬ್ಬರ ನಿಮ್ಮದು, ಹಂದಿ ಓಡಿಸುದು ನೀವು. ಆ ಕದಿರು ಹೇಗೆ ಬಂತು ಅಂತ ಬೀಜದಿಂದ ಕೊನೆಯವರೆಗೆ ನಿಮಗೆ ಗೊತ್ತುಂಟು. ಆದ್ರೂ ಮೊಂತಿ ಹಬ್ಬದ ದಿನ ಮಂಡಿಯೂರಿ ದೇವರು ಕೊಟ್ಟ ಅಂತೀರಿ. ಅದು ಸುಳ್ಳಾ?"

"ಸುಳ್ಳು ಹೇಗೆ ಆಗ್ತದೆ?" ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ನಾನು ಬೆಳೆಸಿದ್ದೂ ಸತ್ಯ, ಅವನು ಕೊಟ್ಟದ್ದೂ ಸತ್ಯ! ನಾನು ಅರ್ಧ ಅವನು ಅರ್ಧ ಅಂತ ಪಾಲು ಉಂಟಾ ಅದರಲ್ಲಿ? ನಾನು ಮಾಡಿದ್ದೂ ಎಲ್ಲವೂ, ಅವನು ಮಾಡಿದ್ದೂ ಎಲ್ಲವೂ..."

ಅಲ್ಲಿಗೆ ನಿಂತರು. ತಾನು ಏನು ಹೇಳಿದೆ ಎಂದು ಅವರಿಗೇ ಕೇಳಿಸಿತ್ತು. ಬಾಗಿಲ ಬಳಿ ಫಾದರ್ ನೆಲ ನೋಡುತ್ತ ನಕ್ಕರು. ರೀಮಾ ಹಿಂದೆ ತಿರುಗಿ ಅಜ್ಜನನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು.

"ಮತ್ತೆ ಆ ಮಣ್ಣು?" ಎಂದರು ಬಾಪ್ಪು, ಮೆತ್ತಗೆ.

"ಮಣ್ಣಿನಿಂದ ಅಂತ ಬರೆದವರು ತಪ್ಪು ಬರೀಲಿಲ್ಲ ಬಾಪ್ಪು. ನಾವು ಮಣ್ಣಿ‌ನಿಂದಲೇ ಬಂದವರು. ದಾರಿ ಎಷ್ಟು ಉದ್ದ ಅಂತ ಅವರು ಹೇಳ್ಲಿಲ್ಲ, ಅಷ್ಟೆ. ಅದನ್ನು ನಾವು ಹುಡುಕ್ತಾ ಇದ್ದೇವೆ."

ಪಾಠ ಅಲ್ಲಿಗೆ ಮುಗಿದಿದ್ದರೆ ನನಗೆ ಸುಖವಾಗುತ್ತಿತ್ತು. ಆದರೆ ರೀಮಾ ಎದ್ದು ನಿಂತಳು.

"ಟೀಚರ್, ಮನುಷ್ಯರು ಆರಿಸಿದ್ರೆ ಸರಿ. ಕಾಡಿನಲ್ಲಿ ಹಸಿವು ಆರಿಸುದು ಅಂದ್ರಿ. ಅಂದ್ರೆ ಎಷ್ಟೋ ಜೀವ ಸುಮ್ಮನೆ ಸಾಯ್ತವೆ. ಒಳ್ಳೆಯ ದೇವರು ಯಾಕೆ ಹಾಗೆ ಮಾಡ್ಬೇಕು?"

ಎಲ್ಲ ಕಣ್ಣುಗಳೂ ನನ್ನ ಮೇಲೆ. ಅಷ್ಟು ಹೊತ್ತು ಗೆದ್ದದ್ದನ್ನು ಒಂದೇ ಮಾತಿನಲ್ಲಿ ಕಳೆದುಕೊಳ್ಳುವ ಜಾಗ ಅದು. ಒಂದು ಚಂದದ ಉತ್ತರ ಹೊಸೆದು ಕೊಡಬಹುದಿತ್ತು. ಕೊಡಲಿಲ್ಲ.

"ನನಗೆ ಗೊತ್ತಿಲ್ಲ ರೀಮಾ," ಎಂದೆ. "ಅದು ನನ್ನನ್ನೂ ಕಾಡ್ತದೆ. ಆದ್ರೂ ಶುಕ್ರವಾರ ಪಾಠ ಮಾಡ್ತೇನೆ, ಆದಿತ್ಯವಾರ ಪ್ರಾರ್ಥನೆ ಮಾಡ್ತೇನೆ. ಎರಡೂ ಕಡೆ ಕೇಳುದನ್ನು ಬಿಡುದಿಲ್ಲ."

ಅವಳು ಕೂತಳು. ಪೌಲ್ ಬಾಪ್ಪು ಕುಂಟುತ್ತ ಹೋದರು. ಆ ವಾರವಿಡೀ ನಾನು ಇಗರ್ಜಿಯಿಂದ ಬರಬಹುದಾದ ಮಾತಿಗೆ ಕಾದೆ. ಮಂಡಳಿಯ ಸಭೆಯಲ್ಲಿ ನನ್ನ ವಿಷಯ ಬಂದಾಗ ಬಾಪ್ಪು, "ಅವರೇ ಮಾಡ್ಲಿ. ನಾನು ಹಿಂದೆ ಕೂತು ನೋಡ್ಕೊಳ್ತೇನೆ" ಎಂದರಂತೆ. ಹೇಳಿದಂತೆಯೇ ಆಮೇಲೆ ವಾರ ವಾರವೂ ಬಂದು ಕೂತರು. ಕೆಲವೊಮ್ಮೆ ಗೊರಕೆ ಹೊಡೆದರು.

ರೀಮಾ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ದೃಢೀಕರಣಕ್ಕೆ ನಿಲ್ತೇನೆ ಟೀಚರ್" ಎಂದಳು.

"ಎಲ್ಲ ಅರ್ಥ ಆಯ್ತಾ?"

"ಇಲ್ಲ. ನೀವು ಗೊತ್ತಿಲ್ಲ ಅಂತ ಹೇಳಿದ್ರಲ್ಲ, ಅದಕ್ಕೆ." ಆಮೇಲೆ ಕತ್ತು ಕೊಂಕಿಸಿ, "ಗೊತ್ತುಂಟು ಅಂದಿದ್ರೆ ನಿಲ್ತಿರ್ಲಿಲ್ಲ" ಎಂದಳು.

ಬಿಷಪರು ಬಂದ ದಿನ ಅವಳ ಬೆನ್ನ ಹಿಂದೆ, ಭುಜದ ಮೇಲೆ ಕೈಯಿಟ್ಟು ಧರ್ಮತಾಯಿಯಾಗಿ ಜಾಮೀನು ನಿಂತವಳು ನಾನೇ. ಅವಳು ಹೌದು ಎಂದು ಹೇಳಿದ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ನನ್ನ ಕಣ್ಣು ತುಂಬಿ ಬಂದು ಮುಂದಿನದೇನೂ ಸರಿಯಾಗಿ ಕಾಣಲಿಲ್ಲ.

ಸಾಯನ್ಸಿನ ಬಗ್ಗೆ ಮಾತ್ರ ಪೌಲ್ ಬಾಪ್ಪು ತುಟಿ ಬಿಚ್ಚಲಿಲ್ಲ. ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು, ಒಳ್ಳೆಯ ಅಂಕಗಳೇ ಬಂದವು. ಆಗಲೂ ಇಲ್ಲ. ನಾನೇ ಹೋಗಿ ಜಗಳ ಮಾಡುವುದೆಂದು ಸೆರಗು ಕಟ್ಟಿ ನಿಂತಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವರೇ ಬಿಳಿ ಅಂಗಿ ತೊಟ್ಟು, ಊರುಗೋಲು ಹಿಡಿದು, ರೀಮಾಳ ಜೊತೆ ನಮ್ಮ ಗೇಟಿನಲ್ಲಿ ನಿಂತಿದ್ದರು. "ಮೂಡಬಿದಿರೆಗೆ ಹೋಗುವ ಟೀಚರ್. ಆ ಆಫೀಸಿನವರ ಮಾತು ನನಗೆ ಅರ್ಥ ಆಗುದಿಲ್ಲ," ಎಂದರು.

ಕಾಲೇಜಿನ ಕಚೇರಿಯಲ್ಲಿ ಪ್ರವೇಶದ ಕೆಲಸವೆಲ್ಲ ಸರಾಗವಾಗಿ ಆಯಿತು. ಕೊನೆಗೆ ಗುಮಾಸ್ತರು ಹೇಳಿದರು: "ಸಾಯನ್ಸಿನವರಿಗೆ ಆದಿತ್ಯವಾರ ಬೆಳಿಗ್ಗೆಯೂ ಸ್ಪೆಷಲ್ ಕ್ಲಾಸ್ ಇರ್ತದೆ. ತಪ್ಪಿಸುವ ಹಾಗಿಲ್ಲ."

ರೀಮಾ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಊರುಗೋಲು ನೆಲಕ್ಕೆ ಬಡಿಯಿತು.

"ಆದಿತ್ಯವಾರ ಬೆಳಿಗ್ಗೆ ಆಗುದಿಲ್ಲ," ಎಂದರು ಪೌಲ್ ಬಾಪ್ಪು. "ಆ ಹೊತ್ತಿಗೆ ಇವಳು ಇಗರ್ಜಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡ್ಲಿಕ್ಕುಂಟು."

"ಎಂತ ಪಾಠ ಅಜ್ಜ?"

"ಮಣ್ಣಿನಿಂದ ಮನುಷ್ಯ ಆದ ಪಾಠ."

"ಅದು ಒಂದು ವಾರದಲ್ಲಿ ಮುಗೀತದಲ್ಲ?"

"ಮುಗಿಯುದಿಲ್ಲ," ಎಂದರು ಬಾಪ್ಪು. "ದಾರಿ ತುಂಬಾ ಉದ್ದ ಉಂಟು."

ಗುಮಾಸ್ತರು ಏನೂ ತಿಳಿಯದೆ ನನ್ನತ್ತ ನೋಡಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ. "ಅವರು ಹೇಳಿದ ಹಾಗೇ ಬರ್ಕೊಳ್ಳಿ," ಎಂದೆ.